ನಿಂಬೆಹಣ್ಣು ಆಮೇಲೆ

ನರ್ಸಮ್ಮನ ತಿಥಿಯ ದಿನ ಬಾಣಾವರದ ಅವರ ಮನೆಯ ಬೀದಿಯಲ್ಲಿ ಜಾಗ ಸಾಲದೆ ಜೀಪುಗಳು ರೈಲ್ವೆ ಸ್ಟೇಷನ್ನಿನ ರಸ್ತೆಯವರೆಗೂ ನಿಂತಿದ್ದವು. ಟಾರ್ಪಾಲಿನ ಜೀಪು, ಬಣ್ಣ ಹೋದ ಜೀಪು, ಬಾಗಿಲಿಗೆ ತಂತಿ ಕಟ್ಟಿದ ಜೀಪು, ಈಚೆಗೆ ಬಂದಿರುವ ಗಿಡ್ಡ ಎಸ್‌ಯುವಿಗಳು. ಎಲ್ಲವೂ ಸೆಕೆಂಡ್ ಹ್ಯಾಂಡು, ಒಂದೂ ಶೋರೂಮಿನಿಂದ ನೇರವಾಗಿ ಬಂದದ್ದಲ್ಲ. ಬೆಂಗಳೂರಿನಿಂದ ಬಂದಿದ್ದ ಅವರ ನೆಂಟರೊಬ್ಬರು ಇದನ್ನು ನೋಡಿ, ನಮ್ಮ ಚಿಕ್ಕಮ್ಮ ಎಲೆಕ್ಷನ್ನಿಗೇನಾದರೂ ನಿಂತಿದ್ದರೇ ಎಂದು ನನ್ನನ್ನು ಕೇಳಿದರು. ನನಗೆ ನಗು ಬಂತು. ತಿಥಿ ಮನೆಯಲ್ಲಿ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಾನು ಅಳುತ್ತಿದ್ದೇನೆ ಅಂದುಕೊಂಡು ಅವರು ಸಮಾಧಾನ ಮಾಡಿ ಹೋದರು.

ಆ ಸಾಲಿನಲ್ಲಿದ್ದ ಒಂದೊಂದು ಗಾಡಿಯನ್ನೂ ಅದರ ಮಾಲೀಕ ಕೊಳ್ಳುವ ಮುಂಚೆ ನರ್ಸಮ್ಮ ನೋಡಿ, ಮೂಸಿ, ತಟ್ಟಿ, ಒಳಗೆ ಕೂತು ಪಾಸು ಮಾಡಿದ್ದರು. ಅರಸೀಕೆರೆಯಿಂದ ಬೇಲೂರಿನವರೆಗೆ ಹಳೇ ಜೀಪು ಕೊಳ್ಳಲು ಹೊರಟವರು ಮೆಕ್ಯಾನಿಕ್ಕನ್ನು ಕರೆದೊಯ್ಯುತ್ತಿದ್ದರೋ ಇಲ್ಲವೋ, ನರ್ಸಮ್ಮನನ್ನು ಬಿಟ್ಟು ಹೋಗುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ನಮ್ಮ ಗಾಡಿಯೂ ನಿಂತಿತ್ತು. ಪಾಸಾಗಿ ಆಮೇಲೆ ಫೇಲಾದದ್ದು ಅದೊಂದೇ. ಆ ಕಥೆಯನ್ನು ಆ ನೆಂಟರಿಗೆ ಅಂದು ಹೇಳಲಾಗಲಿಲ್ಲ, ಈಗ ಬರೆಯುತ್ತಿದ್ದೇನೆ.

ಅವರಿಗೊಂದು ಹೆಸರಿತ್ತು, ನನಗೂ ಗೊತ್ತು. ಆದರೆ ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ, ಅದಕ್ಕೇ ಬರೆಯುವುದಿಲ್ಲ. ಹಳೇಬೀಡಿನ ಸುತ್ತಿನ ಹಳ್ಳಿಗಳಿಗೆಲ್ಲ ಅವರೇ ಸರ್ಕಾರಿ ನರ್ಸು. ಗಂಡ ರೈಲ್ವೆಯಲ್ಲಿದ್ದುದರಿಂದ ಮನೆ ಬಾಣಾವರದಲ್ಲಿ. ವಾರವಿಡೀ ಹಳೇಬೀಡಿನ ಕ್ವಾರ್ಟರ್ಸಿನಲ್ಲಿದ್ದು ಭಾನುವಾರ ಗಂಡನನ್ನು ನೋಡಲು ಹೋಗುತ್ತಿದ್ದರು. ಗಿಡ್ಡನೆಯ, ದಪ್ಪನೆಯ ಹೆಂಗಸು. ಗಂಟಲು ಮಾತ್ರ ದೊಡ್ಡದು. ಆಸ್ಪತ್ರೆಯಲ್ಲಿ ಮಾತಾಡಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಿತ್ತು.

ವಿನಯ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಯಾವ ಊರಿನಲ್ಲಿ ಯಾರ ಗಾಡಿಯ ಬಣ್ಣ ಬಯಲಿಗೆಳೆದರು ಅಂತ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು, ಪ್ರತಿ ಸಲ ಹೇಳುವಾಗಲೂ ಕಥೆ ಸ್ವಲ್ಪ ಬೆಳೆಯುತ್ತಿತ್ತು. ಗಾಡಿ ನೋಡಲು ಹೋಗುವಾಗ ರಜೆಯ ದಿನವಾದರೂ ಸರಿ, ನೀಲಿ ಅಂಚಿನ ಬಿಳಿ ಸೀರೆಯನ್ನೇ ಉಡುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ. ಬಿಳಿ ಸೀರೆ ಕಂಡರೆ ಗಂಡಸರಿಗೆ ಇಂಜೆಕ್ಷನ್ ನೆನಪಾಗಿ ಮೆತ್ತಗಾಗುತ್ತಾರೆ, ಆಮೇಲೆ ಸುಳ್ಳು ಹೇಳುವುದು ಕಷ್ಟವಾಗುತ್ತದೆ ಎಂದರು. ಕಾಫಿ ಗಟ್ಟಿಯಾಗಿರಬೇಕು. ನೀರು ಕಾಫಿ ಕೊಟ್ಟವರ ಗಾಡಿಯ ಮೇಲೆ ಅವರಿಗೆ ಅರ್ಧ ಅನುಮಾನ ಅಲ್ಲೇ ಹುಟ್ಟುತ್ತಿತ್ತು.

ಇಷ್ಟೆಲ್ಲ ಇದ್ದೂ ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಜೀವಮಾನದಲ್ಲಿ ಸ್ಟೀರಿಂಗ್ ಮುಟ್ಟಿದವರಲ್ಲ, ಪಾರ್ಟುಗಳ ಹೆಸರೂ ಅರ್ಧಂಬರ್ಧ. ಎಣ್ಣೆ ಜಿನುಗಿದರೆ ‘ಬೆವರ್ತೈತೆ’ ಅನ್ನುತ್ತಿದ್ದರು, ಒಮ್ಮೆ ಕಾದು ಸೀದುಹೋದ ಇಂಜಿನ್ನಿಗೆ ‘ಜ್ವರ ಬಂದೋಗೈತೆ’. ಅವರು ಕಲಿತದ್ದೆಲ್ಲ ಹಿಂದಿನ ಸೀಟಿನಲ್ಲಿ ಕೂತು. ಇಲಾಖೆಯ ಜೀಪಿನಲ್ಲಿ, ಸಿಕ್ಕವರ ಜೀಪಿನಲ್ಲಿ, ನೋವು ತಿನ್ನುತ್ತಿರುವ ಹೆಂಗಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕಿವಿ ಆಕೆಯ ಕಡೆ, ಇನ್ನೊಂದು ಕಿವಿ ಇಂಜಿನ್ನಿನ ಕಡೆ. ಫೋನು ಮಾಡಿದರೆ ಮನೆ ಬಾಗಿಲಿಗೆ ಬರುವ ಆಂಬುಲೆನ್ಸು ಇನ್ನೂ ಕಾಣದಿದ್ದ ಕಾಲ ಅದು. ಗಾಡಿ ಎಲ್ಲಿ ಕೈಕೊಡುತ್ತದೆ ಅನ್ನುವುದು ಡ್ರೈವರನಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು, ತಿಳಿಯಲೇಬೇಕಾಗಿತ್ತು.

ಗಾಡಿಗೆ ಅವರು ಕೊಡುತ್ತಿದ್ದ ಸರ್ಟಿಫಿಕೇಟುಗಳು ಮೂರು ಬಗೆ. ‘ಕೊಬ್ಬರಿ ಮೂಟೆ ಹಾಕ್ಬೋದು’ ಅಂದರೆ ಬೇರೆ ಕಡೆ ನೋಡಿಕೊಳ್ಳಿ ಅಂತ. ‘ದಿಬ್ಬಣಕ್ಕೆ ಸಾಕು’ ಅಂದರೆ ಹತ್ತಿರದ ಊರಿಗೆ ಹೋಗಿಬರಬಹುದು, ಕೆಟ್ಟು ನಿಂತರೆ ಇಳಿದು ನೂಕಲು ಜನ ಇರಬೇಕು. ಎಲ್ಲಕ್ಕಿಂತ ಮೇಲಿನದು ‘ಬಸುರಿ ಕೂರ್ಬೋದು’. ಅದನ್ನು ಸುಲಭಕ್ಕೆ ಅನ್ನುತ್ತಿರಲಿಲ್ಲ. ಅಂದರೆ ಮಾಲೀಕ ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ನನಗೆ ಅವರು ಹತ್ತಿರವಾದದ್ದು ನಾನೇ ಬಸುರಿಯಾಗಿದ್ದಾಗ. ತೊಂಬತ್ತರ ದಶಕದ ಕೊನೆ. ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಕನ್ನಡ ಮೇಡಂ, ನಮ್ಮವರು ಅಲ್ಲೇ ಪಂಪ್‌ಸೆಟ್ಟಿನ ಸಾಮಾನಿನ ಅಂಗಡಿ ಇಟ್ಟಿದ್ದರು. ಮನೆ ಮಾದಿಹಳ್ಳಿಯಿಂದ ಆಚೆ ತೆಂಗಿನ ತೋಟದಲ್ಲಿ, ಟಾರು ರಸ್ತೆ ಬಿಟ್ಟು ಗಾಡಿ ಜಾಡಿನಲ್ಲಿ ಹೋಗಬೇಕು. ನನ್ನ ಮೊದಲನೆಯ ಮಗು ಉಳಿಯಲಿಲ್ಲ. ಬಾಡಿಗೆ ಕಾರು ಹುಡುಕಿ ತರುವಷ್ಟರಲ್ಲಿ, ಆ ಕಾರು ಕೆಸರಿನಲ್ಲಿ ಹೂತುಕೊಂಡು ಅದನ್ನು ಎತ್ತುವಷ್ಟರಲ್ಲಿ ಹೊತ್ತು ಮೀರಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಈಗಲೂ ಆಗುವುದಿಲ್ಲ. ಎರಡನೆಯದು ನಿಂತಾಗ ಹಾಸನದ ಡಾಕ್ಟರಮ್ಮ ಮುಲಾಜಿಲ್ಲದೆ ಹೇಳಿದರು: ನೋವು ಶುರುವಾದ ಮೇಲೆ ಗಾಡಿ ಹುಡುಕುವುದಲ್ಲ, ಗಾಡಿ ಮನೆಯ ಮುಂದೆ ನಿಂತಿರಬೇಕು. ಹೊಸದು ನಮ್ಮ ಕೈಗೆಟುಕುವಂತಿರಲಿಲ್ಲ. ಹಳೆಯದಾದರೂ ಸರಿ, ಕೆಸರು ದಾಟುವ ಸಣ್ಣ ಜೀಪು ತಗೊಳ್ಳೋಣ ಅಂತ ನಮ್ಮವರು ಹಟ ಹಿಡಿದರು.

ನಮ್ಮ ಅತ್ತೆ ಮಠಕ್ಕೆ ನಡೆದುಕೊಳ್ಳುವವರು. ತವರು ಅರಸೀಕೆರೆಯ ಕೊಬ್ಬರಿ ವ್ಯಾಪಾರದವರ ಮನೆ. ಅವರ ಕಡೆಯ ಪರಿಚಯದ ಮಂಡಿ ಸಾಹುಕಾರರೊಬ್ಬರು ತಮ್ಮ ಡೀಸೆಲ್ ಜೀಪನ್ನು ಕೊಡುತ್ತಾರೆಂದು ತಿಳಿದು, ಶುಕ್ರವಾರ ರಾಹುಕಾಲಕ್ಕೆ ಮುಂಚೆ ಮುಹೂರ್ತ ಇಡಿಸಿಕೊಂಡು ಬಂದರು. ನರ್ಸಮ್ಮನನ್ನು ಕರೆಯೋಣ ಅಂದದ್ದು ನಾನು. ತಿಳಿದವರ ಮನೆಯ ಗಾಡಿಗೆ ಪರೀಕ್ಷೆ ಯಾಕೆ, ಅವರು ಏನಂದುಕೊಂಡಾರು ಎಂದು ಅತ್ತೆ ಗೊಣಗಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಅವರಿಗೆ ಗೊತ್ತಿದ್ದರಿಂದ ಹೆಚ್ಚು ಬೆಳೆಸಲಿಲ್ಲ.

ಅರಸೀಕೆರೆಗೆ ನಾವು ನಾಲ್ವರೂ ಬಸ್ಸಿನಲ್ಲಿ ಹೋಗಿ ಇಳಿದಾಗ ಸಾಹುಕಾರರ ಮನೆಯ ಮುಂದೆ ಜೀಪು ಮದುಮಗನ ಹಾಗೆ ನಿಂತಿತ್ತು. ಹೊಸ ಬಣ್ಣ, ಬಾನೆಟ್ಟಿನ ಮೇಲೆ ವಿಭೂತಿ ಕುಂಕುಮ, ಸೇವಂತಿಗೆ ಮಾಲೆ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಸಾಹುಕಾರರ ಹೆಂಡತಿ ನಮ್ಮ ಕಾಲು ತೊಳೆಸಿದ್ದೇ ಆರತಿ ತಟ್ಟೆ ತಂದು ಗಾಡಿಗೆ ಬೆಳಗಿಬಿಟ್ಟರು. ಇನ್ನು ನಮ್ಮವರು ಹತ್ತಿ ಕೂತು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವುದೊಂದೇ ಬಾಕಿ.

ನಮ್ಮ ಕಡೆಯವರಿಗೆ ಇದರ ಬಿಸಿ ಗೊತ್ತು. ನಿಂಬೆಹಣ್ಣು ಒಡೆದ ಮೇಲೆ ಗಾಡಿ ನಿಮ್ಮದು. ಆಮೇಲೆ ಬೇಡ ಅಂದರೆ ದೇವರಿಗೇ ಬೇಡ ಅಂದ ಹಾಗೆ. ನಿಂಬೆಹಣ್ಣು ಒಡೆಯದೆ ಗಾಡಿ ಅಲುಗುವುದಿಲ್ಲ, ಗಾಡಿ ಅಲುಗದೆ ಅದರ ಗುಣ ತಿಳಿಯುವುದಿಲ್ಲ. ಮಾರುವವರು ಇದನ್ನು ಬೇಕೆಂದೇ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಮಾಡುವವರೂ ಇದ್ದಾರೆ, ಭಕ್ತಿಯಿಂದ ಮಾಡುವವರೂ ಇದ್ದಾರೆ. ಕೊಳ್ಳುವವರು ಮಾತ್ರ ಎರಡರಲ್ಲೂ ಸಿಕ್ಕಿಬೀಳುತ್ತಾರೆ. ಆರತಿಯ ಮುಂದೆ ನಿಂತು ಕೆಳಗೆ ಬಗ್ಗಿ ನೋಡುತ್ತೇನೆ ಅನ್ನುವ ಧೈರ್ಯ ಯಾರಿಗಿದೆ.

ನರ್ಸಮ್ಮನಿಗಿತ್ತು. ಆರತಿಗೆ ಭಕ್ತಿಯಿಂದ ಕೈಮುಗಿದರು, ಕಣ್ಣಿಗೊತ್ತಿಕೊಂಡರು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಗ್ಗಿ, ಒಂದೊಂದು ಚಕ್ರದ ಕೆಳಗಿನ ನಿಂಬೆಹಣ್ಣನ್ನೂ ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಅತ್ತೆಯ ಮುಖ ಬೆಳ್ಳಗಾಯಿತು.

“ಇವು ಆಮೇಲೆ. ಮೊದ್ಲು ನೋಡಾನ,” ಎಂದರು ನರ್ಸಮ್ಮ.

ಅವರ ಮೊದಲ ಕೆಲಸ ಯಾವತ್ತೂ ಬಾನೆಟ್ಟಿನ ಮೇಲೆ ಅಂಗೈ ಇಡುವುದು. ಬಿಸಿ ಇದ್ದರೆ ಮುಂದಿನ ಮಾತಿಲ್ಲ. ರಾತ್ರಿಯಿಡೀ ತಣ್ಣಗೆ ನಿಂತ ಇಂಜಿನ್ನು ಬೆಳಗ್ಗೆ ಹೇಗೆ ಏಳುತ್ತದೆ ಅನ್ನುವುದರಲ್ಲೇ ಅದರ ಆಯಸ್ಸೆಲ್ಲ ಇದೆ, ಬಿಸಿ ಮಾಡಿ ಇಟ್ಟವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುವುದು ಅವರ ಲೆಕ್ಕ. ಆ ಜೀಪು ಬಿಸಿಯಾಗಿತ್ತು. ಬೆಳಗ್ಗೆ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಪೂಜೆ ಮಾಡಿಸಿದೆವು, ಅದಕ್ಕೇ ಅಂದರು ಸಾಹುಕಾರರು. ಒಳ್ಳೆಯದಾಯಿತು, ಹಾಗಾದರೆ ಆರಲಿ ಬಿಡಿ ಎಂದು ನರ್ಸಮ್ಮ ಜಗಲಿಯ ಮೇಲೆ ಕೂತುಬಿಟ್ಟರು. ಕಾಫಿ ಬಂತು. ಗಟ್ಟಿಯಾಗಿಯೇ ಇತ್ತು. ಸಾಹುಕಾರರ ಹೆಂಡತಿಯ ಸಕ್ಕರೆ ಕಾಯಿಲೆ ವಿಚಾರಿಸಿದರು, ಕಾಲಿನ ಹುಣ್ಣು ನೋಡಿದರು, ಬರಿಗಾಲಲ್ಲಿ ತಿರುಗುವುದಕ್ಕೆ ಬೈದರು. ಅತ್ತೆ ಮಾತ್ರ ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದರು. ಕೊನೆಗೆ ತಡೆಯಲಾರದೆ ನರ್ಸಮ್ಮನ ಕಿವಿಯ ಹತ್ತಿರ ಬಗ್ಗಿ, ಹತ್ತೂವರೆಗೆ ರಾಹುಕಾಲ ಕೂರುತ್ತದೆ ಎಂದರು.

“ಕೂರ್ಲಿ ಬಿಡಕ್ಕ. ಹನ್ನೆರಡಕ್ಕೆ ಎದ್ದು ಹೋಯ್ತದೆ. ಅಷ್ಟೊತ್ತಿಗೆ ಇಂಜಿನ್ನೂ ಆರಿರ್ತದೆ.”

ರಾಹುಕಾಲವನ್ನು ಹೀಗೆ ಕೆಲಸಕ್ಕೆ ಹಚ್ಚಿದವರನ್ನು ನಾನು ಬೇರೆ ಕಂಡಿಲ್ಲ. ಆ ಹೊತ್ತಿನಲ್ಲಿ ಯಾರೂ ಗಾಡಿ ಸ್ಟಾರ್ಟ್ ಮಾಡು ಅನ್ನುವ ಹಾಗಿರಲಿಲ್ಲವಲ್ಲ, ನರ್ಸಮ್ಮ ನೆಮ್ಮದಿಯಾಗಿ ಗಾಡಿಯ ಸುತ್ತ ತಿರುಗಿದರು. ಬಾಗಿಲಿಗೂ ಬಾಡಿಗೂ ನಡುವಿನ ಸಂದಿಯಲ್ಲಿ ಬೆರಳಾಡಿಸಿದರು. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದರೆ ಎಲ್ಲೋ ಗುದ್ದಿ ನೆಟ್ಟಗೆ ಮಾಡಿದ್ದಾರೆ ಅಂತ. ಕಾಲಡಿಯ ಮ್ಯಾಟು ಎತ್ತಿ ತುಕ್ಕು ನೋಡಿ, ಮೂಸಿದರು. ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು, ಮೀಟರು ಮಾತ್ರ ಅಷ್ಟೇನೂ ಓಡಿಲ್ಲ ಅನ್ನುತ್ತಿತ್ತು. ನನ್ನನ್ನು ಹತ್ತಿರ ಕರೆದು ಅದನ್ನು ತೋರಿಸಿ, ಮೀಟರನ್ನು ತಿರುಗಿಸಬಹುದು, ಕಾಲು ತಿಕ್ಕಿದ್ದನ್ನು ತಿರುಗಿಸಲು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹನ್ನೆರಡು ಹೊಡೆದ ಮೇಲೆ ಚೀಲದಿಂದ ಆಸ್ಪತ್ರೆಯ ಹತ್ತಿ ತೆಗೆದರು. ಇಂಜಿನ್ನಿನ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಹತ್ತಿಯ ಮೇಲೆ ಒರೆಸಿದರು. ಕಪ್ಪಗಿರಬೇಕಾದದ್ದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿತ್ತು. ಆಮೇಲೆ ಸ್ಟಾರ್ಟ್ ಮಾಡಿಸಿದರು. ಕೊಸರಾಡಿ ಕೊಸರಾಡಿ ಎದ್ದ ಜೀಪು ಅಂಗಳದ ತುಂಬ ಬಿಳಿ ಹೊಗೆ ಬಿಟ್ಟಿತು. ಸ್ವಲ್ಪ ಹೊತ್ತಾದರೂ ಹೊಗೆ ನಿಲ್ಲಲಿಲ್ಲ, ಸೇವಂತಿಗೆ ಮಾಲೆಯೇ ಕಾಣದಂತಾಯಿತು. ಇಂಜಿನ್ನಿನ ಒಳಗೆ ನೀರೂ ಆಯಿಲೂ ಒಂದಾಗಿವೆ, ಯಾವತ್ತಾದರೂ ದಾರಿಯ ಮಧ್ಯೆ ಕಾದು ಹಿಡಿದುಕೊಳ್ಳುತ್ತದೆ ಎಂದು ನರ್ಸಮ್ಮ ಹೇಳಿದರು. ಹತ್ತಿಯನ್ನು ಸಾಹುಕಾರರಿಗೇ ತೋರಿಸಿದರು. ಪಾಪ, ಅವರ ಮುಖ ಇಳಿದುಹೋಯಿತು. ಎಲ್ಲವನ್ನೂ ಡ್ರೈವರ್ ನೋಡಿಕೊಳ್ಳುತ್ತಿದ್ದ, ನನಗೆ ಗೊತ್ತಿರಲಿಲ್ಲ ಅಂದರು. ಅದು ಸುಳ್ಳಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ. ಮುಂದೆ ಇಂಜಿನ್ನು ಬಿಚ್ಚಿ ರಿಪೇರಿ ಮಾಡಿಸಿ, ಅದೇ ಜೀಪನ್ನು ನೋಡಿ ಹೇಳಿ ಅಂತ ನರ್ಸಮ್ಮನನ್ನೇ ಕರೆಸಿಕೊಂಡ ಮನುಷ್ಯ ಅವರು.

“ಬಸುರಿ ಕೂರಬಾರ್ದು,” ಎಂದು ನರ್ಸಮ್ಮ ನಿಂಬೆಹಣ್ಣುಗಳನ್ನು ಆರತಿ ತಟ್ಟೆಗೆ ವಾಪಸು ಇಟ್ಟರು.

ಮರಳಿ ಬಸ್ಸಿನಲ್ಲೇ ಬಂದೆವು. ಅತ್ತೆ ಜಾವಗಲ್ಲಿನವರೆಗೂ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದರು. ಅಲ್ಲಿ ಬಸ್ಸು ನಿಂತಾಗ ನೋಡಿದರೆ ಅವರ ಕಣ್ಣಲ್ಲಿ ನೀರು. ಆರತಿ ಆದ ಗಾಡಿಯನ್ನು ಬೇಡ ಅಂತ ಬಿಟ್ಟು ಬಂದೆವು, ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ, ಒಮ್ಮೆ ಆದದ್ದು ಮತ್ತೆ ಆದರೆ ಯಾರು ಹೊಣೆ ಎಂದು ಕೇಳಿದರು. ಕೋಪ ಇರಲಿಲ್ಲ ಅದರಲ್ಲಿ, ಭಯ ಇತ್ತು. ಅದೇ ಭಯ ನನ್ನ ಹೊಟ್ಟೆಯಲ್ಲೂ ಇತ್ತು. ಓದಿದವಳು, ಮೇಡಂ ಅನ್ನಿಸಿಕೊಂಡವಳು ಅಂತ ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

ನರ್ಸಮ್ಮ ಅತ್ತೆಯ ಕೈ ಹಿಡಿದುಕೊಂಡರು.

“ಹಿಂದೆ ಒಂದು ಹುಡುಗೀನ ಕರ್ಕೊಂಡು ಹೊಂಟಿದ್ದೆ ಅಕ್ಕ. ಹೊಸ್ದಾಗಿ ತಗಂಡಿದ್ದ ಹಳೇ ಜೀಪು. ಕೆರೆ ಏರಿ ಮೇಲೆ ನಿಂತೋಯ್ತು, ಕ್ಲಚ್ಚು ಸುಟ್ಟೋಗಿತ್ತು. ಆ ಜೀಪಿಗೂ ಮಾಲೆ ಹಾಕಿತ್ತು ಕಣಕ್ಕ. ಅದಕ್ಕೂ ನಿಂಬೆಹಣ್ಣು ಹೊಡ್ಸಿದ್ರು.”

ಆ ಹುಡುಗಿ ಏನಾದಳು ಅಂತ ಅವರು ಹೇಳಲಿಲ್ಲ. ಅತ್ತೆ ಕೇಳಲಿಲ್ಲ. ಹಳೇಬೀಡು ಬರುವವರೆಗೂ ಇಬ್ಬರೂ ಕೈ ಬಿಡಲಿಲ್ಲ. ತಮ್ಮ ಗೆಲುವುಗಳನ್ನೆಲ್ಲ ಬೆಳೆಸಿ ಬೆಳೆಸಿ ಹೇಳುತ್ತಿದ್ದ ಹೆಂಗಸು ಈ ಕಥೆಯನ್ನು ಮಾತ್ರ ಮತ್ತೆಂದೂ ಹೇಳಿದ್ದು ನನಗೆ ಗೊತ್ತಿಲ್ಲ.

ಬೇಲೂರಿನಲ್ಲಿ ಯಗಚಿಯ ಸೇತುವೆಯ ಹತ್ತಿರದ ಗ್ಯಾರೇಜೊಂದರಲ್ಲಿ ಇನ್ನೊಂದು ಗಾಡಿ ಇದೆ ಅಂತ ತಿಳಿದು ಬಂತು. ಪೆಟ್ರೋಲಿನ ಗಿಡ್ಡ ಜೀಪು. ಬೂದಿ ಬಣ್ಣ, ಅದೂ ಅಲ್ಲಲ್ಲಿ ಹೋಗಿತ್ತು. ಹಿಂದಿನ ಬಾಗಿಲು ನೆಗ್ಗಿತ್ತು, ಸೀಟಿಗೆ ಗೋಣಿಯ ತೇಪೆ. ಅದಕ್ಕೆ ಮಾಲೆ ಹಾಕುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಗ್ಯಾರೇಜಿನವನು ನಾವು ಬರುತ್ತೇವೆಂದು ಕಾದೂ ಇರಲಿಲ್ಲ, ಹಲ್ಲುಜ್ಜುತ್ತಿದ್ದ. ಬಾನೆಟ್ಟು ಐಸಿನ ಹಾಗಿತ್ತು. ಕೀಲಿ ತಿರುಗಿಸಿದ ತಕ್ಷಣ ಎದ್ದಿತು. ಹೊಗೆ ಒಂದು ಸಲ ಬಂದು ನಿಂತುಹೋಯಿತು. ಹತ್ತಿಯ ಮೇಲೆ ಆಯಿಲು ಕಪ್ಪಗೆ, ನ್ಯಾಯವಾಗಿ ಕೊಳಕಾಗಿತ್ತು.

ನರ್ಸಮ್ಮ ಒಂದು ಲೋಟದ ತುಂಬ ನೀರು ತರಿಸಿ, ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ನನ್ನ, ಅತ್ತೆಯ ನಡುವೆ ಕೂತರು. ಇದು ಅವರ ದೊಡ್ಡ ಪರೀಕ್ಷೆ. ನಮ್ಮವರು ಓಡಿಸಬೇಕು, ಗ್ಯಾರೇಜಿನವನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ರೇಡಿಯೋ ಹಾಕಬಾರದು. ಹಳೇಬೀಡಿನ ದಾರಿಯ ಗುಂಡಿಗಳಲ್ಲಿ ಲೋಟದ ನೀರು ಎಷ್ಟು ಚೆಲ್ಲುತ್ತದೆ ಅಂತ ನೋಡಿದರು. ರಸ್ತೆ ಖಾಲಿ ಇದ್ದಲ್ಲಿ ಸ್ಟೀರಿಂಗ್ ಸಡಿಲ ಬಿಡಿಸಿ ಗಾಡಿ ಯಾವ ಕಡೆ ಎಳೆಯುತ್ತದೆ ನೋಡಿದರು, ಬ್ರೇಕು ಜೋರಾಗಿ ಒತ್ತಿಸಿದರು. ಪುಷ್ಪಗಿರಿಯ ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕಿನ ಮೇಲೆ ಬಿಟ್ಟು, ಅಲ್ಲಿಂದ ಮತ್ತೆ ಎತ್ತಿಸಿದರು. ಕ್ಲಚ್ಚು ಜಾರಿದರೆ ಸುಟ್ಟ ವಾಸನೆ ಬರುತ್ತದಂತೆ. ಅವರು ಕಣ್ಣು ಮುಚ್ಚಿ ಮೂಗರಳಿಸಿ ಕೂತಿದ್ದರು. ಬರಲಿಲ್ಲ. ಕೊನೆಗೆ ಕೆರೆಯ ಅಂಚಿನ ಕೆಸರಿಗೆ ಇಳಿಸಿ, ನಾಲ್ಕು ಚಕ್ರಕ್ಕೂ ಎಳೆತ ಕೊಡುವ ಸಣ್ಣ ಗೇರನ್ನು ಹಾಕಿಸಿದರು. ಮಾರುವವರೆಲ್ಲ ಆ ಗೇರು ಇದೆ ಅಂತ ತೋರಿಸುತ್ತಾರೆ, ಹಾಕಿ ತೋರಿಸುವುದಿಲ್ಲ ಅನ್ನುವುದು ಅವರ ದೂರು. ಗಾಡಿ ಒಮ್ಮೆ ಗುರ್ ಎಂದು, ಕೆಸರನ್ನು ಗ್ಯಾರೇಜಿನವನ ಬಿಳಿ ಪಂಚೆಗೆ ಎರಚಿ, ಮೇಲೆ ಬಂದು ನಿಂತಿತು.

ನರ್ಸಮ್ಮ ಲೋಟದಲ್ಲಿ ಉಳಿದಿದ್ದ ನೀರನ್ನು ಕುಡಿದರು. ನನ್ನ ಕಡೆ ತಿರುಗಿ, “ಮೇಷ್ಟ್ರಮ್ಮ, ಬಸುರಿ ಕೂರ್ಬೋದು,” ಎಂದರು.

ಆಗ ನಮ್ಮ ಅತ್ತೆ ಮಾಡಿದ್ದನ್ನು ನಾನು ಮರೆಯುವ ಹಾಗಿಲ್ಲ. ಸೆರಗಿನ ಗಂಟು ಬಿಚ್ಚಿದರು. ಒಳಗೆ ನಿಂಬೆಹಣ್ಣುಗಳಿದ್ದವು. ಬೆಳಗ್ಗೆಯಿಂದ ಕಟ್ಟಿಕೊಂಡೇ ತಿರುಗಿದ್ದರು, ಒಂದು ಮಾತು ಆಡಿರಲಿಲ್ಲ. ಕೆಸರಿನಲ್ಲೇ ಇಳಿದು ಒಂದೊಂದು ಚಕ್ರಕ್ಕೂ ಒಂದೊಂದು ಇಟ್ಟು ಬಂದು, ಈಗ ಹೊಡೆಯಪ್ಪ ಎಂದು ಮಗನಿಗೆ ಹೇಳಿದರು. ಅಂದಿನಿಂದ ನಮ್ಮ ಮಾದಿಹಳ್ಳಿ ಸುತ್ತಿನಲ್ಲಿ ಹಳೇ ಗಾಡಿ ಕೊಳ್ಳುವವರು ನಿಂಬೆಹಣ್ಣು ಇಡುವುದು ಎಲ್ಲ ನೋಡಿ ಆದ ಮೇಲೆಯೇ. ಯಾಕೆ ಹಾಗೆ ಅಂತ ಹೊಸಬರು ಕೇಳಿದರೆ, ನಮ್ಮ ಕಡೆ ಹಾಗೇ ಪದ್ಧತಿ ಅನ್ನುತ್ತಾರೆ. ಆ ಪದ್ಧತಿ ಹುಟ್ಟಿದಾಗ ನಾನು ಅಲ್ಲಿದ್ದೆ.

ನಮ್ಮವರು ನರ್ಸಮ್ಮನಿಗೆ ಸೀರೆ ಕೊಡಲು ಹೋದರು. ಅವರು ಮುಟ್ಟಲಿಲ್ಲ. ಗಾಡಿ ನೋಡಿಕೊಟ್ಟದ್ದಕ್ಕೆ ಅವರು ಯಾರ ಹತ್ತಿರವೂ ಏನನ್ನೂ ತೆಗೆದುಕೊಳ್ಳುವುದಿಲ್ಲ ಅಂತ ಕೇಳಿದ್ದೆ, ಆದರೆ ಒಂದು ಮಾತು ತೆಗೆದುಕೊಳ್ಳುತ್ತಾರೆ ಅನ್ನುವುದು ಗೊತ್ತಿರಲಿಲ್ಲ. “ನಾನು ಕರೆದಾಗ ಒಂದ್ಸಲ ಬರ್ಬೇಕು. ಎಲ್ಲಿಗೆ, ಯಾರಿಗೆ ಅಂತ ಕೇಳಬಾರ್ದು,” ಎಂದರು. ನಮ್ಮವರು ಒಪ್ಪಿದರು.

ಆಗ ನನಗೆ ಎಲ್ಲ ಹೊಳೆಯಿತು. ಈ ಹೆಂಗಸು ಊರೂರು ಸುತ್ತಿ ಕೊಳ್ಳುವವರಿಗಾಗಿ ಗಾಡಿ ನೋಡುತ್ತಿದ್ದಾರೆ ಅಂದುಕೊಂಡಿದ್ದೆವಲ್ಲ, ಅವರು ನೋಡುತ್ತಿದ್ದದ್ದು ತಮ್ಮ ಬಸುರಿಯರಿಗಾಗಿ. ಜಾವಗಲ್ಲಿನಲ್ಲಿ ಒಂದು, ಬಾಣಾವರದಲ್ಲಿ ಒಂದು, ಹಳೇಬೀಡಿನಲ್ಲಿ ಎರಡು, ಹೀಗೆ ಸರ್ಕಾರ ಕೊಡದಿದ್ದ ಆಂಬುಲೆನ್ಸುಗಳನ್ನು ಒಂದೊಂದಾಗಿ ಊರೂರಲ್ಲಿ ನಿಲ್ಲಿಸುತ್ತ ಬಂದಿದ್ದರು. ಪೆಟ್ರೋಲು ಹಾಕುವವರು ಬೇರೆಯವರು, ತೊಳೆಯುವವರು ಬೇರೆಯವರು. ಯಾವ ಹಟ್ಟಿಯಲ್ಲಿ ಯಾರಿಗೆ ನೋವು ಬಂದರೂ ಯಾವ ಗಾಡಿ ನಿಲ್ಲದೆ ಹಾಸನ ಮುಟ್ಟುತ್ತದೆ ಅನ್ನುವುದು ಅವರ ತಲೆಯಲ್ಲಿತ್ತು. ಒಂದು ಸಲ ಅಂದಿದ್ದರು, ನಮ್ಮವರು ಎಷ್ಟೋ ಸಲ ಹೋದರು. ಎಲ್ಲರೂ ಹಾಗೆಯೇ ಹೋಗುತ್ತಿದ್ದರು. ಆ ದೊಡ್ಡ ಗಂಟಲಿಗೆ ಇಲ್ಲ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನ ನೋವು ಶುರುವಾದದ್ದು ಜಡಿಮಳೆ ಹಿಡಿದಿದ್ದ ಒಂದು ಬೆಳಗ್ಗೆ. ನರ್ಸಮ್ಮ ಬಂದರು, ಹಿಂದಿನ ಸೀಟಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಹಿಂದೆ ಬಾಡಿಗೆ ಕಾರು ಹೂತುಕೊಂಡಿದ್ದ ಜಾಗ ಬಂದಾಗ ನಾನು ಕಣ್ಣು ಮುಚ್ಚಿ ಹಲ್ಲು ಕಚ್ಚಿದೆ. ಗಾಡಿ ಒಮ್ಮೆ ಗುರ್ ಎಂದಿತು, ದಾಟಿತು. ನನಗೆ ಅಳು ಬಂತು. ನರ್ಸಮ್ಮ ನನ್ನ ಕೆನ್ನೆ ಒರೆಸುತ್ತಲೇ, ಇಂಜಿನ್ನು ಎಳೀತಾ ಐತೆ, ಮೂರನೇ ಗೇರಿಗೆ ಹಾಕು ಎಂದು ನಮ್ಮವರನ್ನು ಗದರಿದರು. ಹಾಸನದ ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವವರೆಗೆ ಆ ಗಾಡಿ ಎಲ್ಲೂ ನಿಲ್ಲಲಿಲ್ಲ. ನನ್ನ ಮಗಳು ಹುಟ್ಟಿದಳು. ಡಾಕ್ಟರಮ್ಮ ಹೊರಗೆ ಬಂದು ಹೇಳಿದಾಗ ನಮ್ಮ ಅತ್ತೆ ಮಗುವನ್ನು ನೋಡುವುದಕ್ಕಿಂತ ಮೊದಲು ಕಾಂಪೌಂಡಿಗೆ ಹೋಗಿ ಜೀಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರಂತೆ.

ಆ ಬೂದಿ ಗಾಡಿ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ದುಡಿಯಿತು. ಮಗಳು ದೊಡ್ಡವಳಾದಳು, ನರ್ಸಮ್ಮ ರಿಟೈರಾಗಿ ಬಾಣಾವರಕ್ಕೆ ಹೋದರು. ಕೊನೆಗೆ ಗಾಡಿ ಮಾರೋಣ ಅಂತ ನಾವು ಯೋಚಿಸಿದಾಗ ಗಂಡಸಿ ಊರಿನ ಕಡೆಯ ರೈತರೊಬ್ಬರು ಫೋನು ಮಾಡಿ, ನಮ್ಮ ಕಡೆಯಿಂದ ಒಬ್ಬರನ್ನು ಕರೆದುಕೊಂಡು ಬಂದು ನೋಡುತ್ತೇವೆ ಅಂದರು. ಭಾನುವಾರ ಬೆಳಗ್ಗೆ ಆಟೋ ನಿಂತಿತು. ರೈತರು ಇಳಿದರು, ಹಿಂದೆಯೇ ನೀಲಿ ಅಂಚಿನ ಬಿಳಿ ಸೀರೆ ಇಳಿಯಿತು.

ನನಗೆ ಖುಷಿಯೋ ಖುಷಿ. ಒಳಗೆ ಬನ್ನಿ, ಕಾಫಿ ಕುಡಿಯಿರಿ ಎಂದೆ. ನರ್ಸಮ್ಮ ನನ್ನನ್ನು ಗುರುತೇ ಇಲ್ಲದವರ ಹಾಗೆ ನೋಡಿ, ಕಾಫಿ ಆಮೇಲೆ ಎಂದರು. ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟರು. ಹತ್ತಿ ಬಂತು, ಮ್ಯಾಟು ಎದ್ದಿತು, ಪೆಡಲು ನೋಡಿಸಿಕೊಂಡಿತು. ಮಂಡಿ ನೋವಿನಿಂದ ಬಗ್ಗಲು ಆಗುತ್ತಿರಲಿಲ್ಲ. ಚಾಪೆ ಕೇಳಿ ಹಾಸಿಕೊಂಡು ಗಾಡಿಯ ಅಡಿಯಲ್ಲಿ ಮಲಗಿಯೇಬಿಟ್ಟರು. ಬಹಳ ಹೊತ್ತಿನ ಮೇಲೆ ಎದ್ದು, ಸೀರೆಯ ಧೂಳು ಕೊಡವಿಕೊಂಡು, ನಮ್ಮವರನ್ನೂ ರೈತರನ್ನೂ ಕರೆದು ತೋರಿಸಿದರು. ಹಿಂದಿನ ಸ್ಪ್ರಿಂಗು ಕೂರುವ ಜಾಗದಲ್ಲಿ ಗಾಡಿಯನ್ನೆಲ್ಲ ಹೊರುವ ಅಡಿಯ ಚೌಕಟ್ಟು, ಛಾಸಿ, ತುಕ್ಕು ಹಿಡಿದು ಕೂದಲೆಳೆಯಷ್ಟು ಸೀಳಿತ್ತು. ತೋಟದ ಕೆಸರು ವರ್ಷ ವರ್ಷ ಒಳಗೆ ಕೂತು ತಿಂದಿತ್ತು, ನಮಗೆ ಗೊತ್ತೇ ಆಗಿರಲಿಲ್ಲ.

“ಬಸುರಿ ಕೂರಬಾರ್ದು,” ಎಂದರು ರೈತರಿಗೆ.

ನನಗೆ ಸಿಟ್ಟು ಬಂತು. ಬೇರೆ ಯಾವ ಗಾಡಿಗಾದರೂ ಈ ಮಾತು ಅನ್ನಲಿ, ಈ ಗಾಡಿಗೆ ಹೇಗೆ ಅಂದಾರು. ತಡೆಯಲಾಗದೆ, ನನ್ನ ಮಗಳು ಹುಟ್ಟಲು ಹೋದದ್ದು ಇದೇ ಗಾಡಿಯಲ್ಲಿ ಅನ್ನುವುದನ್ನು ಮರೆತಿರಾ ಅಂತ ಕೇಳಿಬಿಟ್ಟೆ. ಅವರು ಆಗ ಮೊದಲ ಬಾರಿಗೆ ನನ್ನನ್ನು ಗುರುತು ಇರುವವರ ಹಾಗೆ ನೋಡಿದರು.

“ಮರ್ತಿಲ್ಲ ಕಣವ್ವ. ಇವ್ರ ಮನೇಲೂ ಸೊಸೆ ಬಸುರಿ. ನಿಂಗೆ ಅವತ್ತು ನಿಜ ಹೇಳಿದ್ದೆ, ಅವ್ಳಿಗೂ ಅದನ್ನೇ ಹೇಳ್ಬೇಕಲ್ಲ.”

ಕಾಫಿ ಕುಡಿದು ಬರುತ್ತೇನೆ ಎಂದು ನರ್ಸಮ್ಮ ಉಳಿದರು, ರೈತರು ನಮಸ್ಕಾರ ಹೇಳಿ ಆಟೋ ಹತ್ತಿ ಹೋದರು. ನನ್ನ ಸಿಟ್ಟು ಎಷ್ಟು ಬೇಗ ಬರುತ್ತದೋ ಅಷ್ಟೇ ಬೇಗ ಇಳಿಯುತ್ತದೆ. ಒಲೆಯ ಮುಂದೆ ಗಟ್ಟಿ ಕಾಫಿ ಕಾಸುತ್ತ ನಿಂತಾಗ ನನಗೆ ಒಂದೇ ಸಮನೆ ಹೆಮ್ಮೆ ಉಕ್ಕಿ ಬಂತು. ಕಂಡೇ ಇಲ್ಲದ ಗಂಡಸಿಯ ಹುಡುಗಿಯೊಬ್ಬಳಿಗಾಗಿ, ಮಗಳ ಹಾಗೆ ನೋಡಿಕೊಂಡ ನನ್ನ ಮುಂದೆ ನಿಂತು, ತಾವೇ ಪಾಸು ಮಾಡಿದ ಗಾಡಿಯನ್ನು ಫೇಲು ಮಾಡಿದರಲ್ಲ. ಇಂಥವರ ತೊಡೆಯ ಮೇಲೆ ತಲೆಯಿಟ್ಟು ಹಾಸನಕ್ಕೆ ಹೋದವಳು ನಾನು. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಕಾಫಿ ಕುಡಿದು ಲೋಟ ಕೆಳಗಿಟ್ಟು ಅವರು ಹೊರಗೆ ನೋಡಿದರು. ರೈತರ ಜೊತೆಗೆ ಆಟೋವೂ ಹೋಗಿಬಿಟ್ಟಿತ್ತು. ಬಸ್‌ಸ್ಟಾಪು ದೂರ. ನಮ್ಮವರು ಗಾಡಿಯ ಕಡೆ ಒಮ್ಮೆ ನೋಡಿ, ಇನ್ನೊಂದು ಆಟೋ ತರಿಸಲೇ ಎಂದು ಸಂಕೋಚದಿಂದ ಕೇಳಿದರು. ನರ್ಸಮ್ಮ ಅಷ್ಟು ಹೊತ್ತಿಗೆ ಹಿಂದಿನ ಬಾಗಿಲು ತೆಗೆದು, ಗೋಣಿ ತೇಪೆಯ ಆ ಸೀಟಿನಲ್ಲಿ ತಮ್ಮ ಹಳೆಯ ಜಾಗಕ್ಕೆ ಸರಿದು ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಾಗಿತ್ತು.

“ಬಸುರಿ ಕೂರಬಾರ್ದು ಅಂದೆ. ಮುದುಕಿ ಕೂರಬಾರ್ದು ಅಂದ್ನಾ? ನಡಿಯಪ್ಪ, ಮೆತ್ತಗೆ ಹೊಡಿ.”